ಸೋಮವಾರದ ಒಪ್ಪತ್ತು

ತೆರಕಣಾಂಬಿಯ ಅರಿಸಿನ ವ್ಯಾಪಾರಿ ಚಿಕ್ಕಮಲ್ಲಪ್ಪನಿಗೆ ಅರವತ್ತೆಂಟು ತುಂಬಿದರೂ ಒಂದು ಹಲ್ಲು ಅಲ್ಲಾಡಿರಲಿಲ್ಲ. ಗುಟ್ಟೇನೆಂದು ಯಾರಾದರೂ ಕೇಳಿದರೆ ಹಣೆಯ ವಿಭೂತಿ ಮುಟ್ಟಿಕೊಂಡು, "ನಮ್ಮನೆಯೋಳ ವ್ರತ ಕಣ್ಲಾ. ಅವ್ಳು ಒಟ್ಟೆ ಕಟ್ತಾಳೆ, ನಾನು ಬದುಕ್ತೀನಿ" ಎನ್ನುವನು.

ಹೆಂಡತಿ ಗುರುಮಲ್ಲಮ್ಮ ಮದುವೆಯಾದ ವರ್ಷ ಸೋಮವಾರದ ಒಪ್ಪತ್ತು ಹಿಡಿದವಳು. ಮರುವರ್ಷ ಶುಕ್ರವಾರ ಸೇರಿತು. ಮಗಳು ಹುಟ್ಟಿದ ಮೇಲೆ ಅಮಾವಾಸ್ಯೆ, ಹುಣ್ಣಿಮೆ. ಆಮೇಲೆ ಶ್ರಾವಣ ಇಡೀ, ಕಾರ್ತಿಕ ಇಡೀ. ಒಪ್ಪತ್ತಿನ ದಿನ ಮಡಿಯುಟ್ಟು, ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕದೆ, ಒಂದೇ ಹೊತ್ತು ಉಂಡು ದೇವರ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುವಳು. ಆವತ್ತು ಗಂಡ ಮುಟ್ಟುವಂತಿಲ್ಲ; ಮನೆತನದ ಕಟ್ಟಳೆ. ಚಿಕ್ಕಮಲ್ಲಪ್ಪ ಒಂದು ದಿನವೂ ಅದನ್ನು ಮೀರಿದವನಲ್ಲ.

ಕಳೆದ ಸೋಮವಾರ ಗುರುಮಲ್ಲಮ್ಮ ಬಸ್‌ಸ್ಟಾಪಿನಲ್ಲಿ ಕುಸಿದು ಬಿದ್ದಳು. ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು, "ಶುಗರ್ ಮಾತ್ರೆ ನುಂಗಿ ಉಪವಾಸ ಇರ್ತಾರಂತೆ. ಇನ್ನೊಂದ್ಸಲ ಹೀಗಾದ್ರೆ ಏಳಲ್ಲ ಯಜಮಾನ್ರೆ. ನೀವೇ ಬಿಡಿಸ್ಬೇಕು" ಎಂದರು.

ಬಿಡಿಸುವುದೇನು ಮಹಾ ಎಂದುಕೊಂಡ. ಭಾನುವಾರ ಜಗಲಿಯಲ್ಲಿ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತ.

"ನಾಳಿಂದ ತಿಂಡಿ ತಿನ್ನಮ್ಮಿ. ನಿನ್ ಆಯಸ್ಸನ್ನೂ ನಾನೇ ಉಂಡ್ಬುಟ್ಟಿವ್ನಿ. ತಪ್ಪುಕಾಣಿಕೆ ನಾನೇ ಆಕ್ತೀನಿ."

"ಬ್ಯಾಡಿ ಬುಡಿ."

"ನನ್ಗೋಸ್ಕರ ಸಾಯ್ತೀಯಾ?"

ಅವಳು ನಕ್ಕಳು. "ನಿಮ್ಗೋಸ್ಕರ ಅಂತ ಯಾರಂದ್ರು?"

"ಊರೇ ಅಂತದೆ."

"ಊರ್ಗೆ ಏಳ್ದೋರು ನೀವು. ನಾನು ಯಾವತ್ತಾದ್ರೂ ಏಳಿದ್ನಾ?"

"ಮತ್ಯಾಕೆ ಇಡ್ದೆ?"

"ಒಪ್ಪತ್ತಿನ ದಿನ ನೀವು ಅತ್ರ ಬತ್ತಿರ್ನಿಲ್ಲ. ಅದ್ಕೆ." ಸಿಪ್ಪೆಯನ್ನು ಮೊರದ ಆಚೆಗೆ ಎಸೆದಳು. "ನಾನು ಬ್ಯಾಡ ಅಂದ್ರೆ ಕೇಳ್ನಿಲ್ಲ. ದೇವ್ರು ಬ್ಯಾಡ ಅಂದ್ರೆ ಕೇಳುದ್ರಿ."

"ಒಂದಿನ ನಿನ್ ಮ್ಯಾಲೆ ಕೈ ಎತ್ತಿವ್ನಾ?"

"ಎತ್ತಿದ್ರೆ ನಮ್ಮಪ್ಪನ್ ಮುಂದಾದ್ರೂ ಏಳ್ಕೋಬೋದಿತ್ತು. ಇದ್ನ ಯಾರ್ ಮುಂದೆ ಏಳ್ಲಿ?"

ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದುದನ್ನು ಅವನು ನಾಚಿಕೆ ಎಂದುಕೊಂಡಿದ್ದ. ಬೇಡ ಎಂದದ್ದನ್ನು ಹೆಂಗಸರ ಬಿನ್ನಾಣ ಎಂದುಕೊಂಡಿದ್ದ. ನಲವತ್ತೈದು ವರ್ಷ ಹಾಗೆಯೇ ಅಂದುಕೊಂಡು ಅವಳ ವ್ರತಕ್ಕೆ ಕೈಮುಗಿದು ಬದುಕಿದ್ದ.

"ಈಗ ವಯಸ್ಸಾಯ್ತಲ್ಲಮ್ಮಿ, ಈಗ್ಯಾಕೆ?"

"ನಿಮ್ಗೆ ವಯಸ್ಸಾಯ್ತು ಅಂತ ನೀವೇ ಒಪ್ಪಲ್ವಲ್ಲ. ಓದ್ ಶನಿವಾರ ಮರ್ತೋಯ್ತಾ?"

ಮರೆತಿರಲಿಲ್ಲ. ಆವತ್ತೂ ಅವಳು ಬೇಡ ಅಂದಿದ್ದಳು.

ಸೋಮವಾರ ಬೆಳಗಾಗುತ್ತಲೇ ಅವನು ತನ್ನ ಹಾಸಿಗೆ ಸುತ್ತಿ ಅರಿಸಿನ ಒಟ್ಟುವ ಮಾಳಿಗೆಗೆ ಹೊತ್ತೊಯ್ದು ಹಾಕಿದ. ಬಡಗಿಯನ್ನು ಕರೆತಂದು ಮಲಗುವ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಚಿಲಕ ಹೊಡೆಸಿದ. "ಈ ವಯಸ್ಸಲ್ಲಿ ಕಳ್ಳರ ಭಯವಾ ಅಪ್ಪೋರೆ?" ಎಂದು ಬಡಗಿ ನಕ್ಕ. ಚಿಕ್ಕಮಲ್ಲಪ್ಪ ಕೂಲಿ ಎಣಿಸಿ ಕೊಟ್ಟ.

ಬಡಗಿ ಹೋದ ಮೇಲೆ ಗುರುಮಲ್ಲಮ್ಮ ಕೋಣೆಯೊಳಗೆ ಹೋಗಿ ಚಿಲಕ ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು. ಆಚೆ ಬಂದು ಅಡಿಗೆಮನೆಯಲ್ಲಿ ರೊಟ್ಟಿ ತಟ್ಟಿ, ಒಲೆಯ ಮುಂದೆಯೇ ಕೂತು ತಿನ್ನತೊಡಗಿದಳು. ಅವಳಿಗೆ ಇಷ್ಟು ಹಸಿವಿರುವುದನ್ನು ಅವನು ಕಂಡೇ ಇರಲಿಲ್ಲ. ಮೂರನೆಯ ರೊಟ್ಟಿ ಮುಗಿಸಿ, ಮಾತ್ರೆ ನುಂಗಿ, ನೀರು ಕುಡಿದಳು.

ಹೊಸ್ತಿಲಲ್ಲಿ ನಿಂತಿದ್ದವನನ್ನು ಉಣ್ಣಲು ಕರೆಯಲಿಲ್ಲ.