ನಾನು ಎತ್ತದ ಸಾಲು

ಹಾಡು ಶುರುವಾಗುವ ಮೊದಲು ಗುರುಸಿದ್ಧಪ್ಪ ಮಾಸ್ತರರು ಎಡಗೈಯನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ದೂರದಿಂದ ಯಾರೋ ಕರೆಯುವುದನ್ನು ಆಲಿಸುವವರಂತೆ ಒಂದು ಗಳಿಗೆ ನಿಂತು, ಆಮೇಲೆ ಕಣ್ಣು ಮುಚ್ಚಿ ದನಿ ತೆಗೆಯುವರು. ಆ ಕೈ ಮೇಲೆ ಹೋದರೆ ಸಾಕು, ಸಾವಿರ ಜನರ ಗದ್ದಲ ಅಡಗುತ್ತಿತ್ತು. ಇಪ್ಪತ್ತಾರು ವರ್ಷ ಅವರ ಹಿಂದೆ ನಿಂತು ತಾಳ ಹಿಡಿದವನು ನಾನು. ಅವರು ಹಾಡಿದ ಸಾಲನ್ನು ಎತ್ತಿ ಮರಳಿ ಹಾಡುವುದು ನನ್ನ ಕೆಲಸ.

ಅವರಿಗೆ ಎಪ್ಪತ್ತು ತುಂಬಿದಾಗ ಊರಿನವರು ರಂಗಮಂದಿರದಲ್ಲಿ ಒಂದು ಮಧ್ಯಾಹ್ನ ಸನ್ಮಾನ ಇಟ್ಟುಕೊಂಡರು. ಹಾಡಿಕೆಯೂ ಅಂದೇ. ಮಾಸ್ತರರು ತಲೆಗೆ ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಒಬ್ಬ ಮುದುಕಿ ವೇದಿಕೆಯ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ನಾ ದ್ಯಾಮವ್ವ ರೀ. ನಿಮ್ಮ ಹಾಡಿನ್ಯಾಗಿನ ದ್ಯಾಮಿ.”

ಮಾಸ್ತರರ ಕೈಯಲ್ಲಿ ರುಮಾಲು ಸಡಿಲಾಯಿತು. ‘ಬಾವಿಕಟ್ಟಿ ದ್ಯಾಮಿ’ ಅವರಿಗೆ ಹೆಸರು ತಂದುಕೊಟ್ಟ ಹಾಡು. ಅದನ್ನು ಹಾಡಿಸದೆ ಯಾವ ಊರಿನವರೂ ನಮ್ಮನ್ನು ಬಿಟ್ಟವರಲ್ಲ. ಅದರ ಎರಡು ಸಾಲಿಗೆ ಜನ ಸಿಳ್ಳೆ ಹೊಡೆಯಲು ಕಾದಿರುತ್ತಿದ್ದರು:

ಹೆತ್ತ ಕೂಸನು ಬಾವಿಗೆ ಕೊಟ್ಟು
ಹೂವ ಮುಡಿದಳು ದ್ಯಾಮಿ.

“ನನ್ನ ಮಗಗ ಜ್ವರ ಬಂದಿತ್ತು,” ಎಂದಳು ಆಕೆ. “ಹೊತ್ಕೊಂಡು ಊರೆಲ್ಲಾ ತಿರುಗಿದೆ. ಬ್ಯಾನಿ ಹತ್ತೀತಂತ ಯಾರೂ ಬಾಗಲಾ ತಗೀಲಿಲ್ಲ. ಮೈ ಕೆಂಡ ಆಗಿತ್ತು, ತಲಿಗೆ ತಣ್ಣೀರು ಹಾಕೂಣಂತ ಬಾವಿಗೆ ಒಯ್ದೆ. ಅಲ್ಲೇ ನನ್ನ ತೊಡಿ ಮ್ಯಾಲೆ ಹೋದ. ಅಷ್ಟ ನೋಡಿದ ಮಂದಿ ಏನೇನೋ ಅಂದ್ರು. ಅದು ಹಾಡಾತು.”

ಮಾಸ್ತರರು ರುಮಾಲನ್ನು ಪಕ್ಕಕ್ಕಿಟ್ಟರು. “ಇನ್ನ ಮ್ಯಾಲೆ ಆ ಹಾಡು ಹಾಡೂದಿಲ್ಲವ್ವಾ.”

“ಬ್ಯಾಡ್ರಿ. ನೀವು ಬಿಟ್ರೂ ಮಂದಿ ಬಿಡೂದಿಲ್ಲ. ನಿಮ್ಮ ಬಾಯಿಲೇ ಒಮ್ಮೆ ಖರೇ ಹಾಡ್ರಿ. ಅವನ ಹೆಸರು ಫಕೀರ. ಅದೊಂದು ಇರಲಿ ಅದರಾಗ.”

ಮಾಸ್ತರರು ಆಕೆಯ ಮಾತಿನಿಂದಲೇ ಎರಡು ಸಾಲು ಹೊಸೆದು ನನಗೆ ಹೇಳಿಕೊಟ್ಟರು. “ಎತ್ತೂದು ತಪ್ಪಬಾರದು,” ಎಂದರು. ನಾನು ತಲೆಯಾಡಿಸಿದೆ. ದ್ಯಾಮವ್ವನ ಮುಖ ಮಾತ್ರ ನೋಡಲಾಗಲಿಲ್ಲ.

ಅಂದು ಅವರ ದನಿಯಲ್ಲಿ ವಯಸ್ಸಿನ ಸುಳಿವಿರಲಿಲ್ಲ. ಅವರು ಬಾರಿಸುವ ದಪ್ಪಿನ ಬಡಿತಕ್ಕೆ ಜನ ಕೂತಲ್ಲೇ ತೂಗಿದರು. ದ್ಯಾಮವ್ವ ಮೂರನೆಯ ಸಾಲಿನ ಕುರ್ಚಿಗಳ ತುದಿಯಲ್ಲಿ ಕುಳಿತಿದ್ದಳು. ಹಾಡಿನಲ್ಲಿ ಆ ಎರಡು ಸಾಲಿನ ಜಾಗ ಬಂದಾಗ ಮಾಸ್ತರರು ದಪ್ಪು ನಿಲ್ಲಿಸಿ, ಮತ್ತೆ ಕೈಯನ್ನು ಕಿವಿಗೆ ಒಯ್ದು, ಮೆಲ್ಲಗೆ ಹಾಡಿದರು:

ಜ್ವರದ ಕೂಸು ಫಕೀರನ ಹೊತ್ತು
ಊರ ತಿರುಗಿದಳು ದ್ಯಾಮಿ.

ಸಿಳ್ಳೆಗೆಂದು ಬಾಯಿಗಿಟ್ಟ ಬೆರಳುಗಳು ಹಾಗೇ ಉಳಿದವು. “ಮುದುಕಪ್ಪಗ ಹಾಡು ಮರತೈತಿ!” ಎಂದು ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಡಿತು. ಸಾಲು ಎತ್ತಲೆಂದು ಮಾಸ್ತರರು ನನ್ನತ್ತ ತಿರುಗಿದರು. ಮುಂದೆ ನಾನು ಮಾಡಿದ್ದು ಅವರ ಮಾನ ಉಳಿಸಲೆಂದೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿ ತೆರೆದೆ. ಬಂದದ್ದು ಹಳೆಯ ಸಾಲು.

ಚಾವಣಿ ಹಾರಿಹೋಗುವಂತೆ ಸಿಳ್ಳೆ ಬಿತ್ತು. ಜನ ಹಾಡನ್ನು ನಮ್ಮಿಂದ ಕಸಿದುಕೊಂಡು ತಾವೇ ಹಾಡಿದರು. ಮಾಸ್ತರರು ಹೊಸ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಿದ್ದರು. ತುಟಿ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕಡೆಗೆ ಕೈ ಇಳಿಸಿದರು. ಮುಂದೆ ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ. ನನ್ನನ್ನು ಒಂದು ಮಾತು ಬೈಯಲೂ ಇಲ್ಲ.

ಜನ ಏಳುತ್ತಿರುವಾಗ ನಾನು ದ್ಯಾಮವ್ವನ ಬಳಿ ಹೋದೆ.

“ಅವ್ವಾ, ಆ ಹಳೇ ಸಾಲು ಮಾಸ್ತರರದಲ್ಲ. ಕಟ್ಟಿದಾಂವ ನಾನು. ಸಂತ್ಯಾಗ ಮಂದಿ ಆಡಿದ್ದು ಕೇಳಿದ್ದೆ.”

ಆಕೆ ನನ್ನನ್ನೇ ನೋಡಿದಳು. “ಹೂವು? ಹೂವಿಂದು ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ಸಾಲು ಕೂಡಲಿ ಅಂತ ನಾನ ಹಾಕಿದೆ.”

ಅಪ್ಪನ ಹೆಗಲೇರಿದ ಒಂದು ಪುಟ್ಟ ಹುಡುಗಿ ಅದೇ ಸಾಲನ್ನು ಗುನುಗುತ್ತ ಕುರ್ಚಿಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಬರುತ್ತಿದ್ದಳು. ಅವರಿಗೆ ಹಾದುಹೋಗಲು ಜಾಗವಾಗಲೆಂದು ದ್ಯಾಮವ್ವ ತನ್ನ ಮೊಣಕಾಲುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡಳು.