ಎರವಲು ಮೈಕ್ರೋಸ್ಕೋಪುಗಳು

ಬೆಳಿಗ್ಗೆ ಏಳಕ್ಕೇ ಮಿಷನ್ ಆಸ್ಪತ್ರೆಯ ಪಿಕಪ್ ನಮ್ಮ ಕಾಲೇಜಿನ ಹಿಂಬಾಗಿಲಿಗೆ ಬಂದು ನಿಂತಿತು. ಒಳಗೆ ಹತ್ತು ಮೈಕ್ರೋಸ್ಕೋಪುಗಳು. ನಮ್ಮ ಮಲಾವಿಯ ತಾಯಂದಿರು ಕೂಸು ಕಟ್ಟಿಕೊಳ್ಳುವ ಚಿಟೆಂಜೆ ಬಟ್ಟೆಯಲ್ಲೇ ಅವನ್ನೂ ಸುತ್ತಿದ್ದರು.

ಗುಣಮಟ್ಟ ನೋಡುವ ತಂಡ ಬರುವ ದಿನ ಸಾಮಾನು ಎರವಲು ತರುವುದು ನಮ್ಮಲ್ಲಿ ಹೊಸದಲ್ಲ. ಕಳೆದ ವರ್ಷ ನಮ್ಮ ಇಪ್ಪತ್ತು ಕಂಪ್ಯೂಟರುಗಳು ಸರೋವರದಂಡೆಯ ಕಾಲೇಜಿಗೆ ಹೋಗಿದ್ದವು. ಹದಿನೇಳು ವಾಪಸು ಬಂದವು.

ರಕ್ತ, ಕಫ ಪರೀಕ್ಷಿಸುವ ತಂತ್ರಜ್ಞರನ್ನು ತಯಾರು ಮಾಡುವ ವಿಭಾಗ ನನ್ನದು. ಕೊನೆಯ ವರ್ಷದಲ್ಲಿ ನಲವತ್ಮೂರು ಮಕ್ಕಳು. ಕೆಲಸ ಮಾಡುವ ಮೈಕ್ರೋಸ್ಕೋಪುಗಳು ಎರಡು. ಯುರೋಪು ಮತ್ತು ಆಫ್ರಿಕಾದ ದೇಶಗಳು ಸೇರಿ ನಡೆಸುವ ಯೋಜನೆಯೊಂದು ಕಾಲೇಜುಗಳಿಗೆ ಮಾನ್ಯತೆ ಕೊಡುತ್ತದೆ, ಕೊರತೆ ಇದ್ದಲ್ಲಿಗೆ ಸಲಕರಣೆಯನ್ನೂ ಕೊಡುತ್ತದೆ. ಅದರ ಅರ್ಜಿಯಲ್ಲಿ ನಾನು 'ಎರಡು' ಎಂದು ಬರೆದಿದ್ದೆ. ನಮ್ಮ ಡೀನ್ ಕಚಾಲೆ ಅದನ್ನು 'ಹನ್ನೆರಡು' ಎಂದು ತಿದ್ದಿದರು.

"ಬಂಬೋ, ಇದೆ ಅಂತ ಬರೆದ್ರೆ ಯಾರು ಕೊಡ್ತಾರೆ?" ಎಂದೆ. ನಮ್ಮಲ್ಲಿ ಗೌರವಕ್ಕೆ ಗಂಡಸರನ್ನು ಬಂಬೋ, ಹೆಂಗಸರನ್ನು ಅಮಾಯಿ ಎನ್ನುತ್ತೇವೆ.

"ಇಲ್ಲ ಅಂತ ಬರೆದ್ರೆ ಮಾನ್ಯತೆನೇ ಹೋಗತ್ತೆ, ಅಮಾಯಿ. ಆಮೇಲೆ ನಲವತ್ಮೂರು ಮಕ್ಕಳ ಸರ್ಟಿಫಿಕೇಟಲ್ಲಿ ಕರಿದ ಮಂದಾಸಿ ಉಂಡೆ ಕಟ್ಟಿ ಮಾರ್ತೀರಾ ಬಸ್ ಸ್ಟ್ಯಾಂಡಲ್ಲಿ?"

ನಾನು ಹೇಳಿದ್ದೂ ಸರಿ, ಅವರು ಹೇಳಿದ್ದೂ ಸರಿ. ಹೊಟ್ಟೆ ಉರಿಸಿದ್ದು ಅದೇ. ಆ ಅರ್ಜಿಯಲ್ಲಿ ನೂರಹನ್ನೆರಡು ಪ್ರಶ್ನೆಗಳಿದ್ದವು. ಸೈಕಲ್ ನಿಲ್ಲಿಸುವ ಜಾಗಕ್ಕೆ ಮಾಡು ಇದೆಯೇ ಎಂದು ಕೇಳಿದ್ದರು. ಹತ್ತು ಗಂಟೆಯ ಮೇಲೆ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಹತ್ತಕ್ಕೆ ತಂಡ ಬಂತು. ಯುರೋಪಿನ ಪ್ರೊಫೆಸರ್ ಹೆಂಡ್ರಿಕ್, ಟಾಂಜಾನಿಯಾದ ಡಾಕ್ಟರ್ ಮ್ವಾಕಲಿಂಗ. ಸಾಲಾಗಿ ಇಟ್ಟ ಹನ್ನೆರಡನ್ನು ಹೆಂಡ್ರಿಕ್ ಎಣಿಸಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಮಿಷನ್ ಆಸ್ಪತ್ರೆಯ ತಂತ್ರಜ್ಞ ಲಿಂಬಿಕಾನಿ ಕಾಣಿಸಿಕೊಂಡ. ಕೈಯಲ್ಲಿ ಸ್ಲೈಡುಗಳ ತಟ್ಟೆ. ಬೆನ್ನ ಹಿಂದೆ, ಜ್ವರದ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು.

"ಅಮಾಯಿ, ಹನ್ನೊಂದೇ ಸ್ಲೈಡು. ನೋಡ್ಕೊಂಡು ಹೊರಟ್ಬಿಡ್ತೀನಿ. ಮಲೇರಿಯಾ ಕಿಟ್ಟು ಖಾಲಿಯಾಗಿ ತಿಂಗಳಾಯ್ತು. ನಿಮ್ಮ ತಪಾಸಣೆ ಮುಗೀಲಿ ಅಂತ ಜ್ವರ ಕಾಯಲ್ಲ."

ಡೀನ್ ಹಲ್ಲು ಕಚ್ಚಿದರು. "ಹಿಂಬಾಗಿಲಿಂದ ಬರೋಕಾಗ್ಲಿಲ್ವೇನೋ?"

"ಅಲ್ಲಿಗೇ ಹೋಗಿದ್ದೆ, ಬಂಬೋ. ಅತಿಥಿಗಳಿಗೆ ಕೋಳಿ ಕುಯ್ತಿದ್ರು. ದಾರಿ ಇರ್ಲಿಲ್ಲ."

ಅವನು ಕೂತು ಕಣ್ಣಿಟ್ಟ. ಹೆಂಡ್ರಿಕ್ ಮುಖ ಅರಳಿತು. "ಓಹೋ! ಊರಿನ ಜನಕ್ಕೂ ಸೇವೆ ಕೊಡ್ತೀರಾ!" ಎಂದು ಫೋಟೋ ತೆಗೆದರು.

ನನಗೆ ತಡೆಯಲಾಗಲಿಲ್ಲ. "ಇವು ನಮ್ಮವಲ್ಲ ಸಾರ್. ಹತ್ತು ಆ ಆಸ್ಪತ್ರೆಯವು. ನಿಮಗೆ ತೋರಿಸೋಕೆ ತಂದಿದ್ದು. ಇವತ್ತು ಅಲ್ಲಿ ಒಂದೂ ಇಲ್ಲ, ಅದಕ್ಕೇ ಇವರೆಲ್ಲ ಇಲ್ಲಿಗೆ ನಡ್ಕೊಂಡು ಬಂದಿದಾರೆ. ಬರ್ಕೊಳ್ಳಿ."

ಡೀನ್ ನೆಲ ನೋಡಿದರು. ಹೆಂಡ್ರಿಕ್ ತಮ್ಮ ಟ್ಯಾಬ್ಲೆಟ್ಟನ್ನು ಬೆರಳಲ್ಲಿ ಮೇಲೆ ಕೆಳಗೆ ಸರಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಹುಡುಕಿದರು.

"ಇದಕ್ಕೆ ಕಾಲಂ ಇಲ್ವಲ್ಲ ಮೇಡಂ. 'ಸಂಸ್ಥೆಗಳ ನಡುವೆ ಸಲಕರಣೆ ಹಂಚಿಕೆ' ಅಂತಿದೆ. ಅಲ್ಲಿ ಹಾಕ್ತೀನಿ. ಐದಕ್ಕೆ ಐದು."

"ಇದು ಹಂಚಿಕೆ ಅಲ್ಲ, ಸುಳ್ಳು!"

"ಸುಳ್ಳಿಗೂ ಕಾಲಂ ಇಲ್ಲ," ಎಂದರು ಪಾಪ, ಬೇಜಾರಿನಿಂದಲೇ.

ಊಟಕ್ಕೆ ಹೋಗುವಾಗ ಮ್ವಾಕಲಿಂಗ ನನ್ನ ಪಕ್ಕಕ್ಕೆ ಬಂದರು. "ತಂಡ ಬರೋ ದಿನ ನಮ್ಮಲ್ಲಿ ಎರವಲು ಪುಸ್ತಕ ಬರತ್ತೆ ತಂಗಿ, ಲಾರೀಲಿ."

"ಹಾಗಾದ್ರೆ ಅಲ್ಲಿ ಹೆಂಡ್ರಿಕ್ ಎದುರು ಬಾಯಿಗೆ ನ್ಸಿಮಾ ಮುದ್ದೆ ತುರುಕ್ಕೊಂಡಿದ್ರಾ ಅಣ್ಣ?"

"ಮುಂದಿನ ತಿಂಗಳು ತಪಾಸಣೆ ನಮ್ಮ ಕಾಲೇಜಿಗೆ," ಎಂದು ಮುಂದೆ ನಡೆದರು.

ಹನ್ನೊಂದರಲ್ಲಿ ಏಳು ಮಲೇರಿಯಾ. ಲಿಂಬಿಕಾನಿ ಚೀಟಿ ಬರೆದು ತಾಯಂದಿರನ್ನು ಔಷಧಿಗೆ ಕಳಿಸಿದ. ಅಷ್ಟು ಸ್ಪಷ್ಟವಾದ ಫಲಿತಾಂಶ ಆ ದಿನ ಇನ್ನೊಂದು ಬರಲಿಲ್ಲ.

ಮೂರು ತಿಂಗಳ ಮೇಲೆ ಲಕೋಟೆ ಬಂತು. ಮಾನ್ಯತೆ ಸಿಕ್ಕಿತ್ತು. ನಮ್ಮ 'ಹಂಚಿಕೆ'ಯನ್ನು ಉಳಿದ ದೇಶಗಳಿಗೆ ಮಾದರಿಯೆಂದು ಹೊಗಳಿದ್ದರು. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ: ಸಲಕರಣೆ ಸಾಕಷ್ಟಿದೆ, ನೆರವಿನ ಅಗತ್ಯ ಕಂಡುಬಂದಿಲ್ಲ. ಡೀನ್ ಮೊದಲನೆಯದಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆದರು. ಎರಡನೆಯದನ್ನು ನನ್ನ ಕೈಗಿಟ್ಟರು.

ನಲವತ್ಮೂರು ಮಕ್ಕಳು ಈಗಲೂ ಎರಡರ ಮುಂದೆ ಸಾಲು ನಿಲ್ಲುತ್ತಾರೆ. ತಲೆಗೆ ನಾಲ್ಕು ನಿಮಿಷ. ಮಲೇರಿಯಾ ಗುರುತಿಸಲು ಕಣ್ಣು ಪಳಗಬೇಕಾದರೆ ಅದು ಎಲ್ಲಿ ಸಾಲುತ್ತದೆ? ನಾಳೆ ಇವರು ನೋಡಬೇಕಾದ ರಕ್ತ ಯಾರದ್ದೋ ಕೂಸಿನದು.

ನಿನ್ನೆ ಸರೋವರದಂಡೆಯ ಕಾಲೇಜಿನಿಂದ ಫೋನ್ ಬಂತು.

"ಅಮಾಯಿ, ಮಂಗಳವಾರ ನಮ್ಮಲ್ಲಿಗೆ ತಂಡ ಬರ್ತಿದೆ. ನಿಮ್ಮ ಎರಡು ಮೈಕ್ರೋಸ್ಕೋಪು ಒಂದು ದಿನಕ್ಕೆ..."

"ಕೊಡ್ತೀನಿ. ಜೊತೆಗೆ ನನ್ನ ನಲವತ್ಮೂರು ಮಕ್ಕಳೂ ಬರ್ತಾರೆ. ಅಲ್ಲೇ ಸಾಲು ನಿಲ್ತಾರೆ, ತಂಡದ ಎದುರಿಗೇ."

ಆ ಕಡೆ ಫೋನ್ ಕಟ್ಟಾಯಿತು.

ನಾನು ಬಸ್ಸು ಗೊತ್ತು ಮಾಡಿದ್ದೇನೆ.