ತರಗೆಲೆ ಮುಚ್ಚಿದ ಬುಡಗಳು

"ಕಣ್ಣು ಕಾಣಲ್ವೇನೇ ಮುಂಡೆ? ಬುಡ ಕಾಣ್ತಿದೆ, ಮುಚ್ಚು" ಎಂದು ಮೇಸ್ತ್ರಿ ಉಗಿದ.

ಅವಳು ಇನ್ನೊಂದು ಬುಟ್ಟಿ ತರಗೆಲೆ ಸುರಿದಳು. ಗಂಡಸರು ಮಷಿನ್ನಿನಿಂದ ಮರ ಕೊಯ್ದು ಉರುಳಿಸಿದ ಮೇಲೆ, ಉಳಿದ ಬುಡಕ್ಕೆ ಮಣ್ಣು ಮೆತ್ತಿ ಎಲೆ ಹರಡುವುದು ಹೆಂಗಸರ ಕೆಲಸ. ಮರ ಕಡಿಸುತ್ತಿದ್ದ ರೆಸಾರ್ಟಿನ ಜಾಗ ಬೇಲಿಯ ಆಚೆಗೇ ಮುಗಿದಿತ್ತು. ಈಚೆಯದು ಸರ್ಕಾರ ಕಾಯ್ದಿಟ್ಟ ಕಾಡು, ಅದರೊಳಗೆ ಪೇಟೆಯವರು ಚಾರಣಕ್ಕೆ ಬರುವ ಕಾಲುದಾರಿ. ಈಚೆಯ ಹತ್ತೊಂಬತ್ತು ಮರ ಹೋಗಿದ್ದವು. ಕೊನೆಯದು ಬೀಳುವಾಗ ಅವಳ ಗಂಡನ ಕಾಲನ್ನು ನುಜ್ಜುಗುಜ್ಜು ಮಾಡಿತ್ತು. ಅವನು ಟೆಂಟಿನಲ್ಲಿ ಹಲ್ಲು ಕಚ್ಚಿಕೊಂಡು ಬಿದ್ದಿದ್ದ. ಆಸ್ಪತ್ರೆಗೆ ಸೇರಿಸುತ್ತೇನೆಂದು ಮೇಸ್ತ್ರಿ ಮೂರು ದಿನದಿಂದ ಮೂಗಿಗೆ ತುಪ್ಪ ಸವರುತ್ತಿದ್ದ.

ಅವಳ ತಪ್ಪು ಒಂದೇ. ದಾರಿ ಪಕ್ಕದ ಬುಡಕ್ಕೆ ಎಲೆಯನ್ನು ಹಾಸಿಗೆ ಹಾಸಿದ ಹಾಗೆ ಚೆಂದವಾಗಿ ಹರಡಿದ್ದಳು. ಸುಸ್ತಾದ ಚಾರಣಿಗನೊಬ್ಬ ಮೆತ್ತಗಿದೆಯೆಂದು ಅದರ ಮೇಲೇ ಕೂತ. ಅಂಡಿಗೆ ಹಸಿ ಮಣ್ಣು ಹತ್ತಿತು. ಕೆದಕಿ, ಬುಡ ನೋಡಿ, ಫೋಟೊ ತೆಗೆದು ದೂರು ಕಳಿಸಿದ.

ಮಧ್ಯಾಹ್ನದೊಳಗೆ ಅರಣ್ಯ ಇಲಾಖೆಯ ಸಾಹೇಬರ ಜೀಪು ಬಂತು. ಸಾಹೇಬರು ಮೇಸ್ತ್ರಿಯ ಜೊತೆ ಟೀ ಕುಡಿದರು, ನಕ್ಕರು, ಆಮೇಲೆ ಅವಳನ್ನು ಕರೆಸಿ ಒಂದು ಕಾಗದ ಓದಿದರು. ಗಂಡ ಹೆಂಡತಿ ಸೇರಿ ಸೌದೆಗಾಗಿ ಕುಡುಗೋಲಿನಿಂದ ಮರ ಕಡಿದು ಕದ್ದರು, ಕಾಲು ಮುರಿದದ್ದೂ ಕಳ್ಳತನದಲ್ಲೇ ಎಂದು ಅದರಲ್ಲಿತ್ತು.

"ಹೆಬ್ಬೆಟ್ಟು ಒತ್ತು, ಬೈದು ಬಿಟ್ಬಿಡ್ತಾರೆ. ಇಲ್ಲಾಂದ್ರೆ ಟೆಂಟ್ ಕಿತ್ತು ಬಿಸಾಕ್ತೀನಿ, ಆ ಕುಂಟನ್ನ ಹೊತ್ಕೊಂಡು ಎಲ್ಲಾದ್ರೂ ಸಾಯಿ" ಅಂದ ಮೇಸ್ತ್ರಿ.

ಒತ್ತಿದರೆ ಗಂಡನ ಕಾಲಿಗೆ ಯಾರೂ ಹೊಣೆಯಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಸಿಯ ಡಬ್ಬಿಯನ್ನು ತಳ್ಳಿ, ನೆಟ್ಟಗೆ ಜೀಪಿನತ್ತ ನಡೆದು, ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಳು.

"ಕಳ್ಳಿ ಅಂದ್ರಲ್ಲ ಸಾಹೇಬ್ರೆ, ನಡೀರಿ ಕೋರ್ಟಿಗೆ. ಎರಡು ತೆಕ್ಕೆ ಮರಾನ ಕುಡುಗೋಲಲ್ಲಿ ಹೆಂಗೆ ಕೊಯ್ದೆ ಅಂತ ಜಡ್ಜ್ ಕೇಳ್ಲಿ. ಹತ್ತೊಂಬತ್ತು ಬುಡಾನೂ ತೋರಿಸ್ತೀನಿ, ಮುಚ್ಚಿದ ಕೈ ಇದೇ."

ಸಾಹೇಬರು ಇಳಿ ಎಂದು ಗದರಿದರು. ಆಮೇಲೆ ತಾಯಿ ಎಂದರು. ಮೇಸ್ತ್ರಿ ರಟ್ಟೆ ಹಿಡಿದು ಎಳೆದ. ಅವಳು ಸೀಟಿನ ಕಂಬಿ ಬಿಡಲಿಲ್ಲ. ಕಾಲುದಾರಿಯಲ್ಲಿ ಚಾರಣದವರು ನಿಂತು ಫೋನು ಎತ್ತತೊಡಗಿದರು. ಎಲೆ ಹರಡುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟರು.

"ಅಕ್ಕಂದಿರಾ, ಕಳ್ಳರು ಇಬ್ಬರು ಅಂತ ಬರೆದವ್ರೆ" ಎಂದು ಅವಳು ಕೂಗಿದಳು. "ಇನ್ನೊಬ್ಬ ಟೆಂಟಲ್ಲಿದಾನೆ, ಹೊತ್ಕೊಂಡು ಬನ್ನಿ."

ಟಾರ್ಪಾಲಿನಲ್ಲಿ ಅವನನ್ನು ಹೊತ್ತು ತಂದು ಸೀಟಿನ ಮೇಲೆ ಮಲಗಿಸಿದರು. ಬಾತ ಕಾಲು ಹೊರಗೇ ಉಳಿಯಿತು. ಫೋನುಗಳಿಗೆ ಕಾಣದಂತೆ ಸಾಹೇಬರು ಎಷ್ಟು ದಬ್ಬಿದರೂ ಜೀಪಿನ ಬಾಗಿಲು ಮುಚ್ಚಲಿಲ್ಲ.